ಗಾಡಿ ನಂಬರ್ 2027: ಎಲ್ಲಿಯವರೆಗೆ ಭಾಗಿಸಿ ನೋಡಬೇಕು?

ಪ್ರಶ್ನೆ: ನಾನು ಅಡಿಕೆ ಕೃಷಿಕ. ಆರನೇ ಕ್ಲಾಸಿನ ಮಗಳ ಜೊತೆ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗುವಾಗ ಎದುರು ಬರುವ ಗಾಡಿಗಳ ನಂಬರ್ ಒಡೆಯುವ ಆಟ ಆಡುತ್ತೇವೆ. 2025 ಬಂದರೆ ಅವಳು ತಕ್ಷಣ 45×45 ಎನ್ನುತ್ತಾಳೆ. ಮೊನ್ನೆ 2027 ಬಂತು. ಎರಡು, ಮೂರು, ಐದು, ಏಳು, ಯಾವುದರಿಂದಲೂ ಹೋಗಲಿಲ್ಲ. “ಅಪ್ಪಾ, ಇನ್ನು ಎಲ್ಲಿಯವರೆಗೆ ನೋಡುವುದು? 2026ರವರೆಗೂ ನೋಡಬೇಕಾ?” ಎಂದು ಕೇಳಿದಳು. ಒಂದು ಸಂಖ್ಯೆಯ ಅಪವರ್ತನಗಳನ್ನೆಲ್ಲ ಒಂದೂ ತಪ್ಪದಂತೆ ಹುಡುಕುವುದು ಹೇಗೆ? ಅವಿಭಾಜ್ಯ ಎಂದು ಧೈರ್ಯವಾಗಿ ಹೇಳಲು ಎಷ್ಟು ಪರೀಕ್ಷೆ ಸಾಕು? ಕ್ಯಾಲ್ಕ್ಯುಲೇಟರ್ ಇಲ್ಲದ ದಾರಿ ಇದ್ದರೆ ತಿಳಿಸಿ.
– ಓದುಗರೊಬ್ಬರು, ಕೊಲ್ಲಮೊಗ್ರು, ಸುಳ್ಯ ತಾಲೂಕು

ಉತ್ತರ: ಮಗಳ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. 2026ರವರೆಗೆ ಹೋಗಬೇಕಾಗಿಲ್ಲ, 43ರವರೆಗೆ ಹೋದರೆ ಸಾಕು. ಅಲ್ಲಿಯವರೆಗಿನ ಎಲ್ಲ ಸಂಖ್ಯೆಗಳೂ ಬೇಡ, ಹದಿನಾಲ್ಕು ಸಾಕು. ಆ ಹದಿನಾಲ್ಕರಲ್ಲಿ ನಾಲ್ಕನ್ನು ನೀವು ಬಸ್ಸಿನಲ್ಲೇ ಮುಗಿಸಿದ್ದೀರಿ. ಉಳಿದ ಹತ್ತರಿಂದಲೂ ಅದು ಹೋಗುವುದಿಲ್ಲ. ಹಾಗಾಗಿ 2027 ಅವಿಭಾಜ್ಯ. ಇನ್ನು 43 ಎಲ್ಲಿಂದ ಬಂತು, ಹದಿನಾಲ್ಕೇ ಏಕೆ ಸಾಕು ಎಂಬುದನ್ನು ನೋಡೋಣ.

ಗಿಡ ನೆಡುವ ಲೆಕ್ಕ

ಅಡಿಕೆಗೆ ಶಿಫಾರಸು ಮಾಡುವ ಅಂತರ 2.7 ಮೀಟರ್, ಅಂದರೆ ಹೆಚ್ಚುಕಡಿಮೆ ಒಂಬತ್ತು ಅಡಿ ಎಂಬುದು ನಿಮಗೆ ಗೊತ್ತೇ ಇದೆ. ಆ ಲೆಕ್ಕದಲ್ಲಿ ಎಕರೆಗೆ ಸುಮಾರು 540 ಗಿಡ ಹಿಡಿಯುತ್ತದೆ. ಈ 540 ಗಿಡಗಳನ್ನು ಒಂದೂ ಹೆಚ್ಚುಕಡಿಮೆಯಾಗದಂತೆ ಚೌಕಟ್ಟಾಗಿ ಸಾಲಿನಲ್ಲಿ ನೆಡಬೇಕು ಎಂದಿಟ್ಟುಕೊಳ್ಳಿ. 20 ಸಾಲು ಮಾಡಿದರೆ ಸಾಲಿಗೆ 27. 18 ಸಾಲು ಮಾಡಿದರೆ ಸಾಲಿಗೆ 30. 16 ಸಾಲು ಮಾಡಹೊರಟರೆ ಕೊನೆಯ ಸಾಲು ತುಂಬುವುದಿಲ್ಲ. ಸಾಲು ಸರಿಯಾಗಿ ತುಂಬಿದರೆ ಸಾಲಿನ ಸಂಖ್ಯೆಯೂ ಅಪವರ್ತನ, ಒಂದು ಸಾಲಿನಲ್ಲಿರುವ ಗಿಡದ ಸಂಖ್ಯೆಯೂ ಅಪವರ್ತನ. ಅಂದರೆ ಅಪವರ್ತನಗಳು ಒಂಟಿಯಾಗಿ ಸಿಗುವುದಿಲ್ಲ, ಜೋಡಿಯಾಗಿಯೇ ಸಿಗುತ್ತವೆ.

540ರ ಜೋಡಿಗಳನ್ನು ಕ್ರಮವಾಗಿ ಬರೆಯೋಣ: 1×540, 2×270, 3×180, 4×135, 5×108, 6×90, 9×60, 10×54, 12×45, 15×36, 18×30, 20×27. ಮೊದಲ ಸಂಖ್ಯೆ ಏರುತ್ತಿದ್ದಂತೆ ಎರಡನೆಯದು ಇಳಿಯುತ್ತದೆ. ಎರಡೂ ಒಂದನ್ನೊಂದು ಸಮೀಪಿಸಿ 20ಕ್ಕೆ 27 ಆದಮೇಲೆ ಮುಂದೇನು? 21, 22, 23 ಹೋಗುವುದಿಲ್ಲ. 24ನ್ನು 24ರಿಂದ ಗುಣಿಸಿದರೆ 576 ಆಗುತ್ತದೆ, ಅದು 540ನ್ನು ದಾಟಿತು. ಹಾಗಾಗಿ 24 ಅಥವಾ ಅದಕ್ಕಿಂತ ದೊಡ್ಡ ಅಪವರ್ತನ ಯಾವುದಾದರೂ ಇದ್ದರೆ ಅದರ ಜೋಡಿ 24ಕ್ಕಿಂತ ಚಿಕ್ಕದಿರಲೇಬೇಕು, ಚಿಕ್ಕವನ್ನೆಲ್ಲ ನಾವು ಆಗಲೇ ಬರೆದಾಗಿದೆ. 27 ಸಿಕ್ಕಿದ್ದು 20ರ ಜೊತೆಯಲ್ಲಿ, 540 ಸಿಕ್ಕಿದ್ದು 1ರ ಜೊತೆಯಲ್ಲಿ. ಹನ್ನೆರಡು ಜೋಡಿ, ಒಟ್ಟು 24 ಅಪವರ್ತನಗಳು. ಒಂದೂ ತಪ್ಪಿಲ್ಲ ಎಂದು ಖಾತ್ರಿಯಾಗಿ ಹೇಳಬಹುದು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ. 1ರಿಂದ ಆರಂಭಿಸಿ ಜೋಡಿಗಳನ್ನು ಬರೆಯುತ್ತ ಹೋಗಿ, ನೋಡುತ್ತಿರುವ ಸಂಖ್ಯೆಯ ವರ್ಗವು ಮೂಲ ಸಂಖ್ಯೆಯನ್ನು ಮೀರಿದ ಕೂಡಲೇ ನಿಲ್ಲಿಸಿ. ವರ್ಗಮೂಲವೇ ಗಡಿ.

ಈಗ ಒಂದು ಗಿಡ ಹೆಚ್ಚಿಗೆ ತಂದಿರಿ ಎನ್ನಿ. 541. ಎಷ್ಟು ಸಾಲು ಮಾಡಿ ನೋಡಿದರೂ ಚೌಕಟ್ಟು ಕೂಡುವುದಿಲ್ಲ. ಇದ್ದಷ್ಟನ್ನೂ ಒಂದೇ ಉದ್ದ ಸಾಲಿನಲ್ಲಿ ನೆಡಬೇಕು, ಇಲ್ಲವೇ ಒಂದು ಗಿಡವನ್ನು ಬೇಲಿಬದಿಗೆ ಹಾಕಬೇಕು. 541 ಅವಿಭಾಜ್ಯ, 2ರಿಂದ ಎಣಿಸಿದರೆ ನೂರನೆಯ ಅವಿಭಾಜ್ಯ. ಪಕ್ಕಪಕ್ಕದ ಎರಡು ಸಂಖ್ಯೆಗಳಲ್ಲಿ ಒಂದಕ್ಕೆ 24 ಅಪವರ್ತನ, ಇನ್ನೊಂದಕ್ಕೆ ಎರಡೇ ಎರಡು: 1 ಮತ್ತು ತಾನು. 1 ಎಂಬ ಸಂಖ್ಯೆಗೆ ಒಂದೇ ಅಪವರ್ತನ ಇರುವುದರಿಂದ ಅದನ್ನು ಅವಿಭಾಜ್ಯಗಳ ಪಂಕ್ತಿಯಲ್ಲಿ ಕೂರಿಸುವುದಿಲ್ಲ.

ಅಪವರ್ತನಗಳು ಎಷ್ಟು ಎಂದಷ್ಟೇ ತಿಳಿಯಬೇಕಾದರೆ ಪಟ್ಟಿಯೂ ಬೇಡ. 540ನ್ನು ಕೊನೆಯವರೆಗೆ ಒಡೆದರೆ 2×2×3×3×3×5. ಇದರ ಯಾವುದೇ ಅಪವರ್ತನ ಕಟ್ಟುವಾಗ ಎರಡನ್ನು ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು, ಅಂದರೆ ಮೂರು ಬಗೆ. ಮೂರನ್ನು ನಾಲ್ಕು ಬಗೆಯಲ್ಲಿ, ಐದನ್ನು ಎರಡು ಬಗೆಯಲ್ಲಿ. 3×4×2 = 24. ಮನೆಯ ಹಿರಿಯರಿಗೆ ನೆನಪಿರುವ ಹಳೆಯ ರೂಪಾಯಿಗೂ ಇದೇ ಲೆಕ್ಕ ಹಾಕಿ ನೋಡಿ. 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. 192 ಅಂದರೆ ಆರು ಎರಡುಗಳು, ಒಂದು ಮೂರು. ಅಪವರ್ತನ 14. 1957ರ ಏಪ್ರಿಲ್ 1ರಿಂದ ಬಂದ ನೂರು ಪೈಸೆಯ ರೂಪಾಯಿಗೆ ಅಪವರ್ತನ 9 ಮಾತ್ರ. ಹಳೆಯ ರೂಪಾಯಿಯನ್ನು ಮೂರು ಮಂದಿಗೆ ಹಂಚಿದರೆ ತಲಾ 5 ಆಣೆ 4 ಪೈ, ಉಳಿಕೆ ಇಲ್ಲ. ಹೊಸ ರೂಪಾಯಿಯಲ್ಲಿ ಒಂದು ಪೈಸೆ ಯಾರ ಪಾಲಿಗೆ ಎಂಬ ಜಗಳ ಉಳಿಯುತ್ತದೆ.

ಇಪ್ಪತ್ತೈದು ಸಂಖ್ಯೆಗಳ ಪಟ್ಟಿ

2027ಕ್ಕೆ ಮರಳೋಣ. ನಿಮ್ಮ ಮಗಳು 45×45 = 2025 ಎಂದು ಬಲ್ಲಳು. 46×46 = 2116. ಹಾಗಾದರೆ ಗಡಿ 45. ಆದರೆ 2ರಿಂದ 45ರವರೆಗೆ ಎಲ್ಲದರಿಂದ ಭಾಗಿಸುವುದೂ ದಂಡ. ಎರಡರಿಂದಲೇ ಹೋಗದ ಸಂಖ್ಯೆ ನಾಲ್ಕರಿಂದ, ಆರರಿಂದ, ನಲವತ್ತರಿಂದ ಹೇಗೆ ಹೋದೀತು? ಮೂರರಿಂದ ಹೋಗದ್ದು ಒಂಬತ್ತರಿಂದ, ಮೂವತ್ತಮೂರರಿಂದ ಹೋಗುವುದಿಲ್ಲ. ಆದ್ದರಿಂದ ಅವಿಭಾಜ್ಯಗಳಿಂದ ಮಾತ್ರ ಪರೀಕ್ಷಿಸಿದರೆ ಆಯಿತು. 45ರೊಳಗಿನ ಅವಿಭಾಜ್ಯಗಳು 14. ಕೊನೆಯದು 43.

ಗಾಡಿ ನಂಬರ್ 9999ಕ್ಕೆ ಮುಗಿಯುತ್ತದೆ. 100×100 = 10,000. ಹಾಗಾಗಿ ಯಾವ ಗಾಡಿಯ ನಂಬರ್ ಆದರೂ ಸರಿ, 100ರೊಳಗಿನ ಅವಿಭಾಜ್ಯಗಳನ್ನು ಮೀರಿ ನೋಡಬೇಕಾಗಿಲ್ಲ. ಅವು 25: 2, 3, 5, 7, 11, 13, 17, 19, 23, 29, 31, 37, 41, 43, 47, 53, 59, 61, 67, 71, 73, 79, 83, 89, 97. ಮಗಳು ಈ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ತಾನೇ ತಯಾರಿಸಲಿ. 1ರಿಂದ 100ರವರೆಗೆ ಬರೆದು, 1ನ್ನು ಹೊಡೆದುಹಾಕಿ, 2ನ್ನು ಉಳಿಸಿ ಅದರ ಅಪವರ್ತ್ಯಗಳನ್ನೆಲ್ಲ ಹೊಡೆದುಹಾಕುವುದು. ಆಮೇಲೆ 3ರ, 5ರ, 7ರ ಅಪವರ್ತ್ಯಗಳು. 7ಕ್ಕೆ ನಿಲ್ಲಿಸಬಹುದು, ಏಕೆಂದರೆ ಮುಂದಿನ ಅವಿಭಾಜ್ಯ 11ರ ವರ್ಗ 121, ಅದು ನೂರನ್ನು ದಾಟಿತು. ಉಳಿದವೆಲ್ಲ ಅವಿಭಾಜ್ಯ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ತೋರಿಸಿದ ಈ ವಿಧಾನವನ್ನು ಅವನ ಹೆಸರಿನ ಜರಡಿ ಎಂದೇ ಕರೆಯುತ್ತಾರೆ. ಹೀಗೆ ಹೊಡೆದುಹಾಕುವಾಗ ಅವಿಭಾಜ್ಯದಂತೆ ಕಾಣುವ ಮೋಸಗಾರರು ಬಯಲಾಗುತ್ತಾರೆ. ನೂರರೊಳಗೆ ಅಂಥವರಲ್ಲಿ ಮುಖ್ಯಸ್ಥ 91. “ಹದಿಮೂರೇಳ್ಲ ತೊಂಬತ್ತೊಂದು” ಎಂದು ಮಗ್ಗಿ ಹೇಳಿದವರು ಮಾತ್ರ ಅದರಿಂದ ತಪ್ಪಿಸಿಕೊಳ್ಳುತ್ತಾರೆ.

ಪಟ್ಟಿಯ 25 ಸಂಖ್ಯೆಗಳೂ ಸಮಾನವಾಗಿ ದುಡಿಯುವುದಿಲ್ಲ. ಮೊದಲನೆಯ 2 ಒಂದೇ ಏಟಿಗೆ ಅರ್ಧ ಗಾಡಿಗಳನ್ನು ಕಳಚಿಹಾಕುತ್ತದೆ. ಕೊನೆಯ 97ರ ಸರದಿ ಬರುವುದು ಬಹಳ ಅಪರೂಪ. ಹತ್ತು ಸಾವಿರದೊಳಗೆ ಉಳಿದ 24ರಿಂದಲೂ ತಪ್ಪಿಸಿಕೊಂಡು 97ರ ಕೈಗೆ ಸಿಗುವ ಸಂಖ್ಯೆಗಳು ಮೂರೇ: 9409, 9797, 9991. ಅವು ಕ್ರಮವಾಗಿ 97×97, 97×101, 97×103.

ಆರು ಸುಲಭ ಪರೀಕ್ಷೆಗಳು

2 ಮತ್ತು 5ಕ್ಕೆ ಕೊನೆಯ ಅಂಕಿ ನೋಡಿದರೆ ಸಾಕು. 3ಕ್ಕೆ ಅಂಕಿಗಳ ಮೊತ್ತ. 2027ರ ಅಂಕಿಗಳ ಮೊತ್ತ 11, ಅದು ಮೂರರಿಂದ ಹೋಗುವುದಿಲ್ಲ. ಇದರ ಗುಟ್ಟು ಸರಳ: 10, 100, 1000 ಎಲ್ಲವೂ 9, 99, 999ಕ್ಕಿಂತ ಒಂದು ಹೆಚ್ಚು. ಒಂಬತ್ತರ ಭಾಗವನ್ನು ಬಿಟ್ಟರೆ ಪ್ರತಿ ಅಂಕಿಯೂ ತನ್ನ ಬೆಲೆಯಷ್ಟೇ ಉಳಿಸುತ್ತದೆ. ಆದ್ದರಿಂದ ಅಂಕಿಗಳನ್ನು ಕೂಡಿಸಿದರೆ ಮೂರಕ್ಕೂ ಒಂಬತ್ತಕ್ಕೂ ಉತ್ತರ ಸಿಗುತ್ತದೆ.

ಮುಂದಿನ ಮೂರು ಅವಿಭಾಜ್ಯಗಳು 7, 11, 13. ಶಾಲೆಯಲ್ಲಿ ಇವಕ್ಕೆ ಬೇರೆಬೇರೆ ನಿಯಮ ಹೇಳಿಕೊಡುತ್ತಾರೆ. ಗಾಡಿ ನಂಬರಿಗೆ ಒಂದೇ ಸಾಕು: 7×11×13 = 1001. ನಾಲ್ಕಂಕಿಯ ಸಂಖ್ಯೆಯ ಮೊದಲ ಅಂಕಿಯನ್ನು ಉಳಿದ ಮೂರಂಕಿಯ ಸಂಖ್ಯೆಯಿಂದ ಕಳೆಯಿರಿ. 2027ರಲ್ಲಿ 027ರಿಂದ 2 ಕಳೆದರೆ 25. ಇಪ್ಪತ್ತೈದು 7ರಿಂದಲೂ ಹೋಗುವುದಿಲ್ಲ, 11ರಿಂದಲೂ ಇಲ್ಲ, 13ರಿಂದಲೂ ಇಲ್ಲ. ಹಾಗಾದರೆ 2027 ಕೂಡ ಹೋಗುವುದಿಲ್ಲ. ಒಂದು ವ್ಯವಕಲನದಲ್ಲಿ ಮೂರು ಪರೀಕ್ಷೆ ಮುಗಿಯಿತು. ನಾವು ಮಾಡಿದ್ದು 2027ರಿಂದ ಎರಡು 1001ಗಳನ್ನು ಕಿತ್ತುಹಾಕಿದ್ದು ಅಷ್ಟೆ.

ಜಗತ್ತಿನ ಅತಿ ಪ್ರಸಿದ್ಧ ಗಾಡಿ ನಂಬರನ್ನೂ ಹೀಗೆ ಪರೀಕ್ಷಿಸಬಹುದು. ಲಂಡನ್ನಿನ ಪಟ್ನಿಯಲ್ಲಿ ಕಾಯಿಲೆ ಮಲಗಿದ್ದ ಶ್ರೀನಿವಾಸ ರಾಮಾನುಜನ್ ಅವರನ್ನು ನೋಡಲು ಪ್ರೊಫೆಸರ್ ಹಾರ್ಡಿ ಬಂದ ಟ್ಯಾಕ್ಸಿಯ ನಂಬರ್ 1729. ಅದರಲ್ಲೇನೂ ಸ್ವಾರಸ್ಯವಿಲ್ಲ ಎಂದು ಹಾರ್ಡಿ ಹೇಳಿದಾಗ, ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಎಂದು ರಾಮಾನುಜನ್ ಮಲಗಿದಲ್ಲಿಂದಲೇ ಉತ್ತರಿಸಿದ ಕಥೆ ನಿಮಗೆ ಗೊತ್ತಿರಬಹುದು. ನಮ್ಮ ಪರೀಕ್ಷೆ ಮಾಡೋಣ: 729ರಿಂದ 1 ಕಳೆದರೆ 728. ಅದು 7×104, ಹಾಗೆಯೇ 13×56. ಅಂದರೆ 1729 ಏಳರಿಂದಲೂ ಹದಿಮೂರರಿಂದಲೂ ಹೋಗುತ್ತದೆ: 7×13×19. ಈ ಸಂಖ್ಯೆ ಮುಂದೆ ಇನ್ನೊಮ್ಮೆ ಬರುತ್ತದೆ, ಇದರ ಹೆಚ್ಚಿನ ಕಿತಾಪತಿ ಅಲ್ಲಿದೆ.

2, 3, 5, 7, 11, 13 ಈ ಆರು ಪರೀಕ್ಷೆ ಮುಗಿಸುವಷ್ಟರಲ್ಲಿ ನೂರು ಸಂಖ್ಯೆಗಳಲ್ಲಿ ಸರಾಸರಿ 19 ಮಾತ್ರ ಉಳಿದಿರುತ್ತವೆ. ಹತ್ತು ಸಾವಿರದೊಳಗಿನ ಅವಿಭಾಜ್ಯಗಳು 1229, ಅಂದರೆ ನೂರಕ್ಕೆ ಸುಮಾರು 12. ಆರು ಪರೀಕ್ಷೆ ಗೆದ್ದ ಗಾಡಿ ಅವಿಭಾಜ್ಯವಾಗಿರುವ ಸಂಭವ ಮೂರರಲ್ಲಿ ಎರಡರಷ್ಟು. ಬಸ್ಸು ವೇಗವಾಗಿ ಹೋಗುತ್ತಿದ್ದರೆ ಇಷ್ಟಕ್ಕೇ ಪಣ ಕಟ್ಟಬಹುದು.

ಖಚಿತವಾಗಿ ಹೇಳಬೇಕಾದರೆ 17ರಿಂದ ಮುಂದುವರಿಯಬೇಕು. ಅದಕ್ಕೂ ಪೂರ್ತಿ ಭಾಗಾಕಾರ ಬೇಡ. ಕೊನೆಯಲ್ಲಿ ಸೊನ್ನೆ ಬರುವಂತೆ ಆ ಅವಿಭಾಜ್ಯದ ಯಾವುದಾದರೂ ಅಪವರ್ತ್ಯವನ್ನು ಕಳೆಯಿರಿ, ಸೊನ್ನೆಯನ್ನು ಬಿಟ್ಟುಬಿಡಿ. 2027ರಿಂದ 17 ಕಳೆದರೆ 2010, ಸೊನ್ನೆ ಬಿಟ್ಟರೆ 201. 17×11 = 187, ಉಳಿಕೆ 14, ಹೋಗಲಿಲ್ಲ. 19ಕ್ಕೆ: ಏಳರಲ್ಲಿ ಮುಗಿಯುವ ಅಪವರ್ತ್ಯ 57. ಕಳೆದರೆ 1970, ಅಂದರೆ 197. 190ರ ಮೇಲೆ 7 ಉಳಿಯಿತು, ಹೋಗಲಿಲ್ಲ. 23ಕ್ಕೆ 207 ಕಳೆದರೆ 182. 161ರ ಮೇಲೆ 21, ಇಲ್ಲ. 29ಕ್ಕೆ 87 ಕಳೆದರೆ 194, ಇಲ್ಲ. 31ಕ್ಕೆ 217 ಕಳೆದರೆ 181, ಇಲ್ಲ. 37ಕ್ಕೆ 37ನ್ನೇ ಕಳೆದರೆ 199, ಇಲ್ಲ. 41ಕ್ಕೆ 287 ಕಳೆದರೆ 174, ಇಲ್ಲ. 43ಕ್ಕೆ 387 ಕಳೆದರೆ 164, ಇಲ್ಲ. ಮುಗಿಯಿತು. 2ಕ್ಕೂ 5ಕ್ಕೂ ಬಿಟ್ಟು ಉಳಿದೆಲ್ಲ ಅವಿಭಾಜ್ಯಗಳಿಗೂ ಈ ಉಪಾಯ ನಡೆಯುತ್ತದೆ, ಏಕೆಂದರೆ ಹತ್ತರಲ್ಲಿ ಇರುವುದು ಎರಡು ಮತ್ತು ಐದು ಮಾತ್ರ. ಸೊನ್ನೆ ಬಿಟ್ಟರೆ ಬೇರೆ ಅವಿಭಾಜ್ಯಕ್ಕೆ ಏನೂ ನಷ್ಟವಿಲ್ಲ.

ಮಳಖೇಡದ ಮಾಲೆ

1001ರ ಈ ಆಟ ಕನ್ನಡ ನೆಲಕ್ಕೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಗುಣಾಕಾರ ಕಲಿಸುವಾಗ ಅವರು ಕೊಟ್ಟ ಕೆಲವು ಲೆಕ್ಕಗಳ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕೊರಳ ಮಾಲೆಯ ಹಾಗೆ ಕಾಣುವ ಸಂಖ್ಯೆಗಳು ಎಂದು ಅವರೇ ಅವನ್ನು ಬಣ್ಣಿಸಿದರು. ಅವುಗಳಲ್ಲೊಂದು: 11011011 × 91 = 1002002001.

ನಿಮ್ಮ ಮಗಳ ಹಾಗೆ ಇದನ್ನು ಒಡೆದು ನೋಡೋಣ. 91 ಅಂದರೆ 7×13. 11011011 ಅಂದರೆ 11×1001001. ಏಳು, ಹದಿಮೂರು, ಹನ್ನೊಂದು ಮೂರೂ ಸೇರಿದರೆ 1001. ಇನ್ನುಳಿದದ್ದು 1001001. ಆ ಎರಡನ್ನು ಗುಣಿಸಿದರೆ ಮಾಲೆ ತಾನಾಗಿ ಕಟ್ಟಿಕೊಳ್ಳುತ್ತದೆ. ಇನ್ನೊಂದು ಲೆಕ್ಕ: 27994681 × 441 = 12345654321. ಉತ್ತರ 111111ರ ವರ್ಗ. 111111 ಒಡೆದರೆ 3×7×11×13×37. ಅದರಿಂದ 3 ಮತ್ತು 7ನ್ನು ಬೇರೆ ಮಾಡಿ ವರ್ಗ ಮಾಡಿದರೆ 441. ಉಳಿದ 11×13×37 = 5291, ಅದರ ವರ್ಗ 27994681. ಹೀಗೆ ಬಿಡಿಸಿಟ್ಟ ಮೇಲೆ ನೋಡಿದರೆ, ಇವು ಕಣ್ಣುಮುಚ್ಚಿ ಗುಣಿಸುವಾಗ ಸಿಕ್ಕ ಸಂಖ್ಯೆಗಳಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಮಾಲೆಯನ್ನು ಮೊದಲು ಕಂಡು, ಅಪವರ್ತನಗಳಾಗಿ ಒಡೆದು, ಎರಡು ಪಾಲು ಮಾಡಿ ಶಿಷ್ಯರ ಮುಂದಿಟ್ಟಂತಿದೆ.

ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳನ್ನೆಲ್ಲ ಸುಮ್ಮನೆ ಗುಣಿಸುವ ಬದಲು ಲಘುತಮ ಸಾಮಾನ್ಯ ಅಪವರ್ತ್ಯ ಹುಡುಕುವ ವಿಧಾನವೂ ಇದೇ ಗ್ರಂಥದಲ್ಲಿದೆ. ಮಹಾವೀರಾಚಾರ್ಯರು ಅದನ್ನು ನಿರುದ್ಧ ಎಂದು ಕರೆದರು. ನಾವು ಆರನೇ ಕ್ಲಾಸಿನಲ್ಲಿ ಲಸಾಅ ಎಂದು ಕಲಿಯುವುದು ಇದನ್ನೇ. ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಈ ಗ್ರಂಥವನ್ನು ಪ್ರಕಟಿಸಿದ ಮೇಲೆ ಹೊರಜಗತ್ತಿಗೆ ಇದರ ಪರಿಚಯವಾಯಿತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ನಿಮ್ಮಂತೆ ಕನ್ನಡದಲ್ಲಿ ಲೆಕ್ಕ ಕೇಳುವವರು ಆಗಲೂ ಇದ್ದರು ಎಂಬುದಕ್ಕೆ ಅದೇ ಸಾಕ್ಷಿ.

ವರ್ಗ ಕಳೆದು ಒಡೆಯುವುದು

ಸಂಖ್ಯೆ ಸಂಯುಕ್ತವಾಗಿದ್ದು, ಅದರ ಎರಡು ಅಪವರ್ತನಗಳು ಹತ್ತಿರಹತ್ತಿರ ಇದ್ದರೆ ಇನ್ನೊಂದು ದಾರಿ ಬಹಳ ಚುರುಕು. 2021ನ್ನು ಪಟ್ಟಿ ಹಿಡಿದು ಒಡೆಯಹೊರಟರೆ 43ರವರೆಗೆ ಕಾಯಬೇಕು, ಅಂದರೆ ಹದಿನಾಲ್ಕನೆಯ ಪರೀಕ್ಷೆಯವರೆಗೆ. ಅದರ ಬದಲು ಮೇಲಿನ ವರ್ಗ ಹಿಡಿಯಿರಿ. 2025ರಿಂದ 2021 ಕಳೆದರೆ 4. ಅದೂ ಒಂದು ವರ್ಗ. 45ರ ವರ್ಗದಿಂದ 2ರ ವರ್ಗ ಕಳೆದದ್ದು ಎಂದರೆ (45−2)×(45+2), ಅಂದರೆ 43×47. ಹಾಗೆಯೇ 8051. ಅದರ ಮೇಲಿನ ವರ್ಗ 8100, ವ್ಯತ್ಯಾಸ 49. ಆದ್ದರಿಂದ 83×97. ಮೊದಲ ವರ್ಗದಲ್ಲಿ ವ್ಯತ್ಯಾಸ ಕೂಡಿಬರದಿದ್ದರೆ ಅದರ ಮೇಲಿನ ವರ್ಗಕ್ಕೆ ಹೋಗಬೇಕು.

ಯುರೋಪಿನಲ್ಲಿ ಇದು ಹದಿನೇಳನೆಯ ಶತಮಾನದ ಗಣಿತಜ್ಞ ಫರ್ಮಾನ ಹೆಸರಿನಲ್ಲಿ ಪ್ರಸಿದ್ಧ. ಭಾರತದಲ್ಲಿ ನಾರಾಯಣ ಪಂಡಿತ 1356ರ ‘ಗಣಿತಕೌಮುದಿ’ಯಲ್ಲೇ ಇಂಥ ವಿಧಾನವನ್ನು ವಿವರಿಸಿದ್ದ.

ಅಪವರ್ತ್ಯಗಳ ಮಾತು

ಅಪವರ್ತನಗಳಿಗೆ ಕೊನೆಯಿದೆ, ಅಪವರ್ತ್ಯಗಳಿಗೆ ಕೊನೆಯಿಲ್ಲ. 16ರ ಮಗ್ಗಿ ಎಷ್ಟು ದೂರಕ್ಕೂ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಐದು ಶತಮಾನಗಳಿಂದ ನಡೆಯುತ್ತಿರುವ ಹದಿನಾರರ ಮಗ್ಗಿಯೊಂದಿದೆ, ಉಡುಪಿಯ ಪರ್ಯಾಯ. ಅಷ್ಟಮಠಗಳಿಗೆ ಎರಡೆರಡು ವರ್ಷದ ಸರದಿ, ಆದ್ದರಿಂದ ಒಂದು ಮಠಕ್ಕೆ ಸರದಿ ಮರಳುವುದು 16 ವರ್ಷಕ್ಕೊಮ್ಮೆ. ವಾದಿರಾಜರು ಏರ್ಪಡಿಸಿದ ಈ ಕ್ರಮ 1522ರಲ್ಲಿ ಪಲಿಮಾರು ಮಠದಿಂದ ಆರಂಭವಾಯಿತು ಎಂಬುದು ಪರಂಪರೆಯ ಲೆಕ್ಕ. 2018ರಲ್ಲಿ ಪಲಿಮಾರು ಮಠದ್ದೇ ಪರ್ಯಾಯ. 2018ರಿಂದ 1522 ಕಳೆದರೆ 496, ಅದು 16×31. ಮೂವತ್ತೊಂದು ಸುತ್ತು ಪೂರ್ತಿಯಾಗಿ ಮೂವತ್ತೆರಡನೆಯದು ಶುರುವಾದ ವರ್ಷ ಅದು.

ಈಗ ಮಗಳಿಗೊಂದು ಲಸಾಅ ಲೆಕ್ಕ. ಸಂವತ್ಸರಗಳು 60. ಒಂದೇ ಮಠದ ಪರ್ಯಾಯ ಅದೇ ಹೆಸರಿನ ಸಂವತ್ಸರದಲ್ಲಿ ಮತ್ತೆ ಆರಂಭವಾಗಬೇಕಾದರೆ ಎಷ್ಟು ವರ್ಷ ಬೇಕು? 16 ಅಂದರೆ 2×2×2×2. 60 ಅಂದರೆ 2×2×3×5. ಎರಡನ್ನೂ ತುಂಬಿಸುವ ಅತಿ ಚಿಕ್ಕ ಸಂಖ್ಯೆಗೆ ನಾಲ್ಕು ಎರಡುಗಳು, ಒಂದು ಮೂರು, ಒಂದು ಐದು ಬೇಕು: 240. ಸುಮ್ಮನೆ 16×60 ಮಾಡಿದ್ದರೆ 960 ಬರುತ್ತಿತ್ತು. ಎರಡರಲ್ಲೂ ಸಮಾನವಾಗಿರುವ 4 ಎರಡು ಸಲ ಎಣಿಕೆಗೆ ಬಿದ್ದದ್ದೇ ಆ ವ್ಯತ್ಯಾಸಕ್ಕೆ ಕಾರಣ. 1522ರ ಪರ್ಯಾಯದ ಸಂವತ್ಸರ ಪಲಿಮಾರು ಮಠಕ್ಕೆ ಮರಳಿ ಬಂದದ್ದು 1762ರಲ್ಲಿ, ಆಮೇಲೆ 2002ರಲ್ಲಿ. ಅರವತ್ತು ಸಂವತ್ಸರದ ಚಕ್ರವೂ ಇಂಥದ್ದೇ ಲೆಕ್ಕ: ಗುರು ರಾಶಿಚಕ್ರ ಸುತ್ತಲು ಸುಮಾರು 12 ವರ್ಷ, ಶನಿಗೆ ಸುಮಾರು 30. ಹನ್ನೆರಡು ಮತ್ತು ಮೂವತ್ತರ ಲಸಾಅ 60.

ನಂಬರ್ ಪ್ಲೇಟಿನಾಚೆ

ನಾಲ್ಕಂಕಿಗೆ 25 ಪರೀಕ್ಷೆ ಸಾಕಾದರೆ ನೂರಂಕಿಯ ಸಂಖ್ಯೆಗೆ? ವರ್ಗಮೂಲವೇ ಐವತ್ತಂಕಿಯದ್ದಾಗುತ್ತದೆ. ಅಲ್ಲಿಯವರೆಗಿನ ಅವಿಭಾಜ್ಯಗಳನ್ನು ಒಂದೊಂದಾಗಿ ಹಚ್ಚಿ ನೋಡಲು ಯಾವ ಕಂಪ್ಯೂಟರಿನಿಂದಲೂ ಆಗದು. ಇಲ್ಲಿ ಎರಡು ಪ್ರಶ್ನೆಗಳು ಬೇರೆಯಾಗುತ್ತವೆ. ‘ಇದು ಅವಿಭಾಜ್ಯವೇ?’ ಎಂಬುದು ಒಂದು, ‘ಇದರ ಅಪವರ್ತನಗಳು ಯಾವುವು?’ ಎಂಬುದು ಇನ್ನೊಂದು. ಬಸ್ಸಿನ ಆಟದಲ್ಲಿ ಎರಡಕ್ಕೂ ಒಟ್ಟಿಗೇ ಉತ್ತರ ಸಿಗುತ್ತದೆ. ದೊಡ್ಡ ಸಂಖ್ಯೆಗಳಲ್ಲಿ ಮೊದಲನೆಯದು ಸುಲಭ, ಎರಡನೆಯದು ಮಹಾ ಕಷ್ಟ.

ಒಡೆಯದೆಯೇ ಪರೀಕ್ಷಿಸುವ ಮೊದಲ ಉಪಾಯವೂ ಫರ್ಮಾನದ್ದೇ. ಸಂಖ್ಯೆ ಅವಿಭಾಜ್ಯವಾಗಿದ್ದರೆ, ಎರಡನ್ನು ಅಷ್ಟು ಸಲ ಗುಣಿಸಿ ಎರಡನ್ನು ಕಳೆದಾಗ ಬರುವುದು ಆ ಸಂಖ್ಯೆಯಿಂದ ಹೋಗಲೇಬೇಕು. 7ಕ್ಕೆ ನೋಡಿ: ಏಳು ಎರಡುಗಳ ಗುಣಲಬ್ಧ 128, ಎರಡು ಕಳೆದರೆ 126, ಅದು 7×18. ಹೋಗದಿದ್ದರೆ ಅದು ಅವಿಭಾಜ್ಯವಲ್ಲ ಎಂದು ಕಣ್ಣುಮುಚ್ಚಿ ಹೇಳಬಹುದು. ಹೋದರೆ ಮಾತ್ರ ನಂಬುವ ಹಾಗಿಲ್ಲ. 341 ಈ ಪರೀಕ್ಷೆ ಗೆಲ್ಲುತ್ತದೆ, ಆದರೆ ಅದು 11×31. ಎರಡರ ಬದಲು ಮೂರು, ಐದು, ಬೇರೆ ಯಾವ ಸಂಖ್ಯೆ ಹಿಡಿದು ಪರೀಕ್ಷಿಸಿದರೂ ಮೋಸ ಮಾಡುವ ಸಂಖ್ಯೆಗಳೂ ಇವೆ. ಹಾರ್ಡಿಯ ಟ್ಯಾಕ್ಸಿ 1729 ಅಂಥ ಕಳ್ಳರಲ್ಲಿ ಒಂದು.

ಮೋಸಕ್ಕೆ ಎಡೆಯಿಲ್ಲದ, ಅದೃಷ್ಟವನ್ನು ನಂಬದ, ಎಷ್ಟು ದೊಡ್ಡ ಸಂಖ್ಯೆಗಾದರೂ ಮಿತ ಸಮಯದಲ್ಲಿ ಮುಗಿಯುವ ಪರೀಕ್ಷೆ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಭಾರತದಿಂದ ಬಂತು. 2002ರ ಆಗಸ್ಟ್‌ನಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್ ಹಾಗೂ ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅಂಥ ಪರೀಕ್ಷೆಯನ್ನು ಪ್ರಕಟಿಸಿದರು. ಇಬ್ಬರು ಹುಡುಗರೂ ಬಿ.ಟೆಕ್ ಮುಗಿಸಿದ್ದು ಅದೇ ವರ್ಷ. 2006ರಲ್ಲಿ ಮೂವರಿಗೂ ಗೋಡೆಲ್ ಪ್ರಶಸ್ತಿ ಬಂತು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಸೇರಿದರು.

ಒಡೆಯುವ ಕಷ್ಟ ಮಾತ್ರ ಇವತ್ತಿಗೂ ಹಾಗೇ ಇದೆ, ಅದರಿಂದ ನಮಗೆ ಉಪಕಾರವೂ ಇದೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮರಳಿ ಒಡೆಯುವುದು ಕಷ್ಟ. ಈ ಏರುಪೇರಿನ ಮೇಲೆ 1977ರಲ್ಲಿ ಕಟ್ಟಿದ ಆರ್‌ಎಸ್‌ಎ ಎಂಬ ಗುಪ್ತಲಿಪಿ ಅಂತರ್ಜಾಲದ ಹಣಕಾಸು ವ್ಯವಹಾರವನ್ನು ಬಹುಕಾಲದಿಂದ ಕಾಯುತ್ತಿದೆ. ಆ ವರ್ಷ ಸವಾಲಾಗಿ ಮುಂದಿಟ್ಟ 129 ಅಂಕಿಯ ಸಂಖ್ಯೆಯನ್ನು ಒಡೆದದ್ದು 1994ರಲ್ಲಿ, ನೂರಾರು ಮಂದಿ ತಮ್ಮ ಕಂಪ್ಯೂಟರುಗಳನ್ನು ಒಟ್ಟಿಗೆ ದುಡಿಸಿದ ಮೇಲೆ. 250 ಅಂಕಿಯ ಇನ್ನೊಂದು ಸಂಖ್ಯೆಯನ್ನು 2020ರಲ್ಲಿ ಒಡೆದರು. ಅದಕ್ಕೆ ತಗಲಿದ ಕೆಲಸವನ್ನು ಒಂದೇ ಪ್ರೊಸೆಸರ್ ಕೋರ್ ಮಾಡಬೇಕಾಗಿದ್ದರೆ ಸುಮಾರು 2700 ವರ್ಷ ಹಿಡಿಯುತ್ತಿತ್ತು.

ನಿಮ್ಮ ಆಟಕ್ಕೆ ಅಷ್ಟು ವರ್ಷ ಬೇಡ, ಗುತ್ತಿಗಾರು ದಾಟುವಷ್ಟು ಹೊತ್ತು ಸಾಕು. ಕ್ರಮ ಇಷ್ಟೇ: ಕೊನೆಯ ಅಂಕಿ ನೋಡಿ, ಅಂಕಿಗಳನ್ನು ಕೂಡಿಸಿ, ಮೊದಲ ಅಂಕಿಯನ್ನು ಉಳಿದ ಮೂರಂಕಿಯಿಂದ ಕಳೆಯಿರಿ, ಮೇಲಿನ ಒಂದೆರಡು ವರ್ಗಗಳಿಂದ ಸಂಖ್ಯೆಯನ್ನು ಕಳೆದು ನೋಡಿ. ಯಾವುದಕ್ಕೂ ಬಗ್ಗದಿದ್ದರೆ 17ರಿಂದ ವರ್ಗಮೂಲದವರೆಗೆ ಸೊನ್ನೆ ಬರಿಸುವ ಉಪಾಯ. ಸುಳ್ಯದ ಪೇಟೆಯಲ್ಲಿ ನಾಲ್ಕಂಕಿ ಸಿಗದಿದ್ದರೆ ಆರ್‌ಟಿಒ ಸಂಖ್ಯೆಗಳನ್ನಾದರೂ ಒಡೆಯಬಹುದು. ನಿಮ್ಮ ಪುತ್ತೂರಿನ ಕೆಎ 21 ಮೂರೇಳರದ್ದು, ಮಡಿಕೇರಿಯ ಕೆಎ 12 ಮತ್ತು ಕಾಸರಗೋಡಿನ ಕೆಎಲ್ 14 ಸಲೀಸಾಗಿ ಒಡೆಯುತ್ತವೆ, ಮಂಗಳೂರಿನ ಕೆಎ 19 ಮಾತ್ರ ಬಗ್ಗುವುದಿಲ್ಲ.

ಮಗಳಿಗೆ ಮೂರು ಸಂಖ್ಯೆ ಕೊಡುತ್ತಿದ್ದೇನೆ: 3599, 4001, 7387. ಮೂರರಲ್ಲಿ ಒಂದು ಮಾತ್ರ ಅವಿಭಾಜ್ಯ. ಯಾವುದು ಎಂದು ಅವಳೇ ಕಂಡುಹಿಡಿದು, ಉಳಿದೆರಡರ ಅಪವರ್ತನಗಳನ್ನೂ ಸೇರಿಸಿ ನಮಗೆ ಬರೆಯಲಿ.